ಹದಿನಾಲ್ಕನೇ ಜಾಡಿಯ ಐದು ಮೀಸೆ

ಅರಕಲಗೂಡಿಗೂ ಹೊಳೆನರಸೀಪುರಕ್ಕೂ ನಡುವೆ ಒಂದು ಪದವಿ ಕಾಲೇಜಿದೆ. ಹೆಸರು ಹೇಳಿದರೆ ಅವರಿಗೆ ಮುಜುಗರ, ಹೇಳದಿದ್ದರೆ ಯಾರಿಗೂ ನಷ್ಟವಿಲ್ಲ. ಅಲ್ಲಿಯ ಪ್ರಾಣಿಶಾಸ್ತ್ರ ವಿಭಾಗದ ಅಟೆಂಡರ್ ಬೈರಮ್ಮ ಮಲ್ಲಿಪಟ್ಟಣದವಳು. ಗಂಡ ಚಂದ್ರಯ್ಯ ಅದೇ ಕೆಲಸದಲ್ಲಿದ್ದು ಕಾಮಾಲೆಯಿಂದ ತೀರಿಕೊಂಡಾಗ, ಒಂದು ಬೀಗದ ಕೈ ಗೊಂಚಲು ಮತ್ತು ನಾಲ್ಕು ಬೀರು ತುಂಬ ಸತ್ತ ಪ್ರಾಣಿಗಳು ಅನುಕಂಪದ ಆಧಾರದ ಮೇಲೆ ಅವಳ ಪಾಲಿಗೆ ಬಂದವು. ಅನುಕಂಪ ಯಾರಿಗೆ, ಯಾರ ಮೇಲೆ ಎನ್ನುವುದು ಆದೇಶದಲ್ಲಿ ಸ್ಪಷ್ಟವಿರಲಿಲ್ಲ.

ವಿಭಾಗದ ಮುಖ್ಯಸ್ಥರು ಗಂಗಾಧರಯ್ಯನವರು. ಇಪ್ಪತ್ತಾರು ವರ್ಷ ಒಂದೇ ನೋಟ್ಸಿನಲ್ಲಿ ಪಾಠ ಮಾಡಿದ ಮಹನೀಯರು. ಜ್ಞಾನ ಬೆಳೆಯುತ್ತಾ ಹೋಗುತ್ತದೆ ಎಂಬ ಮಾತಿನಲ್ಲಿ ಅವರಿಗೆ ನಂಬಿಕೆ ಇತ್ತು. ಆದ್ದರಿಂದಲೇ ಅದನ್ನು ಅದರ ಪಾಡಿಗೆ ಬೆಳೆಯಲು ಬಿಟ್ಟಿದ್ದರು.

ಬೈರಮ್ಮನ ಕೆಲಸ ಜಾಡಿಗಳ ಧೂಳು ಒರೆಸುವುದು, ಫಾರ್ಮಲಿನ್ ಇಳಿದಿದ್ದರೆ ತುಂಬುವುದು, ಮುಚ್ಚಳಕ್ಕೆ ಮೇಣ ಹಚ್ಚುವುದು. ಯಾರೂ ಅವಳಿಗೆ ಏನನ್ನೂ ಕಲಿಸಲಿಲ್ಲ. ಆದರೆ ಹತ್ತೊಂಬತ್ತು ವರ್ಷ ಒಂದೇ ಮುಖ ನೋಡಿದರೆ, ಹುಳವಾದರೂ ಗುರುತು ಹತ್ತುತ್ತದೆ. ಮೂರನೇ ಬೀರುವಿನಲ್ಲಿದ್ದವು ಸಮುದ್ರದ ಬಿರುಗೂದಲ ಹುಳಗಳು, ನಮ್ಮ ಎರೆಹುಳುವಿನ ಕಡಲ ಕಡೆಯ ದಾಯಾದಿಗಳು. ಮೈಯುದ್ದಕ್ಕೂ ಉಂಗುರ, ಉಂಗುರದ ಎರಡೂ ಬದಿಗೆ ಮೋಟು ಕಾಲು, ಕಾಲಿನ ತುದಿಗೆ ಬಿರುಸು ಕೂದಲು. ಕಂಬಳಿಯಂಥ ತುಪ್ಪಳ ಹೊದ್ದು ಇಲಿಯಂತೆ ದುಂಡಗೆ ಮಲಗಿದ್ದು ಅಫ್ರೊಡೈಟ. ತಲೆಯ ಮೇಲೆ ಬೀಸಣಿಗೆ ಬಿಚ್ಚಿಕೊಂಡು ಕೊಳವೆಯಿಂದ ಹೊರಗೆ ಇಣುಕುತ್ತಿದ್ದುದು ಸಬೆಲ್ಲ. ಹದಿಮೂರನೇ ಮತ್ತು ಹದಿನಾಲ್ಕನೇ ಜಾಡಿಗಳ ಮೇಲೆ ಮಾತ್ರ ಒಂದೇ ಹೆಸರು: ನೀರಿಸ್.

ಹದಿಮೂರರ ಹುಳಕ್ಕೆ ನಾಲ್ಕು ಕಣ್ಣು, ಮುಂದೆ ಎರಡೇ ಎರಡು ಸಣ್ಣ ಮೀಸೆ, ಅದರ ಪಕ್ಕಕ್ಕೆ ಒಂದು ಜೊತೆ ದಪ್ಪ ಮೊಂಡು. ಹದಿನಾಲ್ಕರ ಹುಳಕ್ಕೆ ತಲೆಯ ಮೇಲೆ ಸಾಲಾಗಿ ಐದು ಮೀಸೆ. ಇದು ಬೈರಮ್ಮನ ಕಣ್ಣಿಗೆ ಬಿದ್ದು ಎಷ್ಟೋ ವರ್ಷವಾಗಿತ್ತು. ಒಮ್ಮೆ ಧೈರ್ಯ ಮಾಡಿ ಗಂಗಾಧರಯ್ಯನವರಿಗೆ ಹೇಳಿಯೂ ಹೇಳಿದ್ದಳು.

"ಸಾ, ಇವೆರಡೂ ಒಂದೇ ಕುಲದಂಗೆ ಕಾಣಾಕಿಲ್ಲ ಕಣ್ ಸಾ. ಇದ್ಕೆ ಮೀಸೆ ಜಾಸ್ತಿ ಅವೆ."

"ಹುಳಗಳೂ ಮನುಷ್ಯರ ಹಾಗೇನೇ ಬೈರಮ್ಮ," ಎಂದಿದ್ದರು ಅವರು, ಪೇಪರಿನಿಂದ ತಲೆ ಎತ್ತದೆ. "ಕೆಲವರಿಗೆ ಮೀಸೆ ಜಾಸ್ತಿ ಬರುತ್ತೆ."

ವರ್ಗೀಕರಣದ ಬಗ್ಗೆ ಆ ವಿಭಾಗದಲ್ಲಿ ನಡೆದ ಕೊನೆಯ ವಿಚಾರ ಸಂಕಿರಣ ಅದು.

ಆಮೇಲೆ ಚನ್ನರಾಯಪಟ್ಟಣದಿಂದ ರಂಜಿನಿ ಬಂದಳು. ಅತಿಥಿ ಉಪನ್ಯಾಸಕಿ. ಅಂದರೆ ಅತಿಥಿಗೆ ಸಿಗಬೇಕಾದ ಉಪಚಾರವನ್ನು ಬಿಟ್ಟು ಉಳಿದೆಲ್ಲವೂ ಅವಳ ಪಾಲಿಗೆ. ಎಂಎಸ್ಸಿಯಲ್ಲಿ ಕಾರವಾರದ ಕಡಲ ತಡಿಯ ಬಂಡೆ ಸಂದುಗಳಲ್ಲಿ ಇದೇ ಹುಳಗಳನ್ನು ಹುಡುಕಿ ಪ್ರಾಜೆಕ್ಟ್ ಬರೆದವಳು. ಮೂರನೇ ಬೀರು ತೆಗೆಸಿ ನೋಡಬೇಕು ಎಂದು ಬೀಗದ ಕೈ ಕೇಳಿದ ಮೊದಲ ಅಧ್ಯಾಪಕಿ. ಬೈರಮ್ಮ ಬೀಗ ತೆಗೆದದ್ದೇ ಹದಿನಾಲ್ಕನೇ ಜಾಡಿಯನ್ನು ಅವಳ ಮುಂದಿಟ್ಟಳು.

"ಮೇಡಂ, ಇದು ಯಾರ ಮನೇದು ಅಂತ ಒಸಿ ನೋಡೇಳಿ."

ರಂಜಿನಿ ಹುಳವನ್ನು ತಟ್ಟೆಗೆ ಇಳಿಸಿಕೊಂಡು ಲೆನ್ಸ್ ಹಿಡಿದಳು. "ಅಯ್ಯೋ, ಇದು ನೀರಿಸ್ ಅಲ್ವೇ ಅಲ್ಲ ಬೈರಕ್ಕ! ಐದು ಮೀಸೆ ಇದೆ. ಐದು ಮೀಸೆಯವರಲ್ಲೂ ಎರಡು ಮನೆತನ ಇದೆ ನೋಡಿ. ಯೂನಿಸ್ ಆದರೆ ತಲೆಯ ಹಿಂದಿನ ಎರಡನೇ ಉಂಗುರದ ಬೆನ್ನ ಮೇಲೆ ಒಂದು ಜೊತೆ ಸಣ್ಣ ಎಳೆ ಇರುತ್ತೆ. ಮಾರ್ಫೈಸಕ್ಕೆ ಅದಿರಲ್ಲ, ಬೋಳು."

"ಅವೆ ಮೇಡಂ, ಎರಡು ಎಳೆ ಅವೆ. ವೋದ್ ವರ್ಸ ಔಸ್ದಿ ಬದ್ಲಾಯಿಸ್ವಾಗ ನೋಡಿವ್ನಿ. ಕಾಲಿನ ಬುಡದಾಗೆ ಬಾಚಣಿಗೆ ತರ ಏನೋ ಅದೆ, ಅದೇನು?"

"ಅದು ಕಿವಿರು," ಎಂದಳು ರಂಜಿನಿ. ಹೇಳಿ ಲೆನ್ಸ್ ಕೆಳಗಿಟ್ಟು ಬೈರಮ್ಮನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆ ಕಾಲೇಜಿನಲ್ಲಿ ತನ್ನ ವಿಷಯ ಮಾತಾಡುವವರು ಒಬ್ಬರಿದ್ದಾರೆ ಎಂದು ಗೊತ್ತಾಗುವ ಹೊತ್ತಿಗೆ ಅವಳು ಸೇರಿ ಎರಡು ತಿಂಗಳಾಗಿತ್ತು.

ಇಬ್ಬರೂ ಗಂಗಾಧರಯ್ಯನವರ ಹತ್ತಿರ ಹೋದರು. ಅವರು ಹುಳವನ್ನು ನೋಡಲಿಲ್ಲ. ಸ್ಟಾಕ್ ಬುಕ್ ತರಿಸಿ ನೋಡಿದರು. "ಇಲ್ಲಿ ನೀರಿಸ್ ಎರಡು ಅಂತಿದೆ. ಒಂದನ್ನ ನೀವು ಯೂನಿಸ್ ಮಾಡಿದ್ರೆ ಒಂದು ನೀರಿಸ್ ಕಾಣೆಯಾದ ಹಾಗಾಯ್ತು. ಅದಕ್ಕೆ ಯಾರು ಜವಾಬು ಹೇಳ್ತಾರೆ? ಮತ್ತೆ ಈ ಯೂನಿಸ್ ಎಲ್ಲಿಂದ ಬಂತು? ಇಂಡೆಂಟ್ ಹಾಕಿದವರು ಯಾರು?"

ವರ್ಷಗಟ್ಟಲೆಯಿಂದ ಕಟ್ಟುತ್ತಲೇ ಇರುವ ಬೂವನಹಳ್ಳಿಯ ನಿಲ್ದಾಣದಲ್ಲಿ ವಿಮಾನ ಇಳಿದರೂ ಇಳಿದೀತು, ಸ್ಟಾಕ್ ಬುಕ್ಕಿನ ಹುಳ ಕುಲ ಬದಲಿಸುವುದಿಲ್ಲ ಎಂದು ರಂಜಿನಿಗೆ ಅರ್ಥವಾಯಿತು. ಅವಳು ಜಾಡಿಯ ಹೆಸರು ಚೀಟಿಯ ತಂಟೆಗೆ ಹೋಗದೆ, ತರಗತಿಯಲ್ಲಿ ಮಕ್ಕಳಿಗೆ ಮೀಸೆ ಎಣಿಸುವುದನ್ನು ಕಲಿಸಿದಳು. ಮಲ್ಲಿಪಟ್ಟಣದ್ದೇ ಹುಡುಗಿ ಕೋಮಲಾ ಸಂಜೆ ಬಸ್ಸಿನ ಹೊತ್ತಿನವರೆಗೂ ಲ್ಯಾಬಿನಲ್ಲಿ ಕೂತು ಆ ಹುಳದ ತಲೆಯನ್ನು ಬರೆದದ್ದೇ ಬರೆದದ್ದು. ಬೈರಮ್ಮ ಜಾಡಿ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದಳು.

ಪ್ರಾಕ್ಟಿಕಲ್ ಪರೀಕ್ಷೆಗೆ ಹಾಸನದಿಂದ ಗೌರೀಶಂಕರ ಎಂಬ ಪರೀಕ್ಷಕರು ಬಂದರು. ರೇಷ್ಮೆ ಹುಳದಲ್ಲಿ ಡಾಕ್ಟರೇಟ್. ಉಪ್ಪು ನೀರಿನ ಸಂಬಂಧ ಅವರಿಗೆ ಉಪ್ಪಿನಕಾಯಿಯ ಮಟ್ಟಿಗೆ. ಬೀರುವಿನಲ್ಲಿ ದೊಡ್ಡದಾಗಿ ಕಂಡ ಹದಿನಾಲ್ಕನೇ ಜಾಡಿಯನ್ನೇ ಆರಿಸಿ, ಚೀಟಿಗೆ ಕಾಗದ ಸುತ್ತಿಸಿ ಮೇಜಿನ ಮೇಲಿಡಿಸಿದರು. ಉತ್ತರ ನೀರಿಸ್ ಎಂದು ಗಂಗಾಧರಯ್ಯನವರು ಪಟ್ಟಿ ಬರೆದುಕೊಟ್ಟರು.

ಮೂವತ್ತೊಂದು ಮಕ್ಕಳಲ್ಲಿ ತರಗತಿಗೆ ಬರುತ್ತಿದ್ದ ಹತ್ತೊಂಬತ್ತು ಜನ ಯೂನಿಸ್ ಎಂದು ಬರೆದರು. ಬಾರದ ಹನ್ನೆರಡು ಜನ ಹಳೇ ರೆಕಾರ್ಡ್ ಪುಸ್ತಕ ನೋಡಿ ನೀರಿಸ್ ಎಂದು ಬರೆದರು. ಹೀಗೆ ಓದಿದವರೆಲ್ಲ ತಪ್ಪಾಗಿ, ಓದದವರೆಲ್ಲ ಸರಿಯಾಗಿ, ಪರೀಕ್ಷೆ ಎಂದಿನಂತೆ ಸುಸೂತ್ರವಾಗಿ ಮುಗಿಯಿತು.

ಮಧ್ಯಾಹ್ನ ಬೈರಮ್ಮ ಟೀ ಹಿಡಿದು ಒಳಗೆ ಹೋದಾಗ ಮೌಲ್ಯಮಾಪನ ನಡೆದಿತ್ತು. ಮೇಲೆ ಬಿದ್ದಿದ್ದ ಹಾಳೆಯಲ್ಲಿ ಕೋಮಲಾಳ ದುಂಡನೆ ಅಕ್ಷರ. ಐದು ಮೀಸೆ, ಎರಡು ಎಳೆ, ಬಾಚಣಿಗೆಯ ಕಿವಿರು, ಎಲ್ಲ ಕಾರಣ ಸಮೇತ ಬರೆದಿದ್ದಳು. ಅದರ ಮೇಲೆ ಕೆಂಪು ಇಂಟು. ಬೈರಮ್ಮ ಟೀಯನ್ನು ಹಾಳೆಯ ಪಕ್ಕಕ್ಕಿಟ್ಟಳು. ಸುಮ್ಮನೆ ಹೊರಗೆ ಬಂದುಬಿಡಬೇಕೆಂದೇ ತಿರುಗಿದಳು. ಬಾಯಿ ಮಾತ್ರ ಕೇಳಲಿಲ್ಲ.

"ಸಾ, ಬೈಬ್ಯಾಡಿ. ಒಂದ್ಸಲ ಮೀಸೆ ಎಣಿಸ್ಬುಡಿ ಸಾ."

"ಯಾರ ಮೀಸೆ?" ಎಂದರು ಗೌರೀಶಂಕರ ಗಾಬರಿಯಿಂದ, ತಮ್ಮ ಮೀಸೆ ಮುಟ್ಟಿಕೊಳ್ಳುತ್ತ.

"ಹುಳದ್ದು ಸಾ."

ಗಂಗಾಧರಯ್ಯ ಕೆಂಪಗಾದರು. ಆದರೆ ಗೌರೀಶಂಕರರು ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಣಿಸಿದರು. ಮತ್ತೊಮ್ಮೆ, ಈ ಸಲ ಬಲದಿಂದ ಎಡಕ್ಕೆ, ಎಣಿಸಿದರು. ಎರಡೂ ಕಡೆಯಿಂದ ಐದೇ ಬಂತು.

"ಹಳೇ ಸ್ಪೆಸಿಮನ್," ಎಂದರು ಗಂಗಾಧರಯ್ಯ. "ಫಾರ್ಮಲಿನ್‌ನಲ್ಲಿ ಬೆಳೆದಿರಬಹುದು."

ಸತ್ತು ಮೂವತ್ತು ವರ್ಷವಾದ ಮೇಲೆ ಮೀಸೆ ಬೆಳೆಸಿದ ಹುಳವನ್ನು ಇಬ್ಬರೂ ಸ್ವಲ್ಪ ಹೊತ್ತು ಗೌರವದಿಂದ ನೋಡಿದರು. ಕಡೆಗೆ ಗೌರೀಶಂಕರರು, ಹಿರಿಯರ ಮನಸ್ಸೂ ನೋಯಬಾರದು, ಮಕ್ಕಳೂ ಕೆಡಬಾರದು ಎಂದು, ಎರಡು ಉತ್ತರಕ್ಕೂ ಪೂರ್ತಿ ಅಂಕ ಕೊಟ್ಟರು. ಒಂದೇ ಹುಳ ಎರಡು ಕುಲಕ್ಕೆ ಸೇರಿತು. ಮೂವತ್ತೊಂದು ಮಂದಿಯೂ ಪಾಸಾದರು.

ಮೂರು ದಿನಕ್ಕೆ ಬೈರಮ್ಮನ ಕೈಗೆ ಮೆಮೊ ಬಂತು. ವಿದ್ಯಾರ್ಹತೆಗೆ ಮೀರಿದ ವಿಷಯದಲ್ಲಿ, ಬಾಹ್ಯ ಪರೀಕ್ಷಕರ ಸಮ್ಮುಖದಲ್ಲಿ ಅಭಿಪ್ರಾಯ ವ್ಯಕ್ತಪಡಿಸಿದ ಬಗ್ಗೆ ಲಿಖಿತ ವಿವರಣೆ ಕೊಡತಕ್ಕದ್ದು. ಓದಿದವಳೇ ಮೆಮೊ ಹಿಡಿದು ರಂಜಿನಿಯ ಹತ್ತಿರ ಹೋದಳು. ಕೆಲಸ ಹೋದರೆ ಮಗಳ ನರ್ಸಿಂಗ್ ಓದು ಅರ್ಧಕ್ಕೇ ನಿಲ್ಲುತ್ತದೆ. ರಂಜಿನಿ ಎರಡು ಪುಟ ಉತ್ತರ ಬರೆದುಕೊಡುತ್ತೇನೆ ಎಂದಳು.

"ಬ್ಯಾಡ ಮೇಡಂ. ನಿಮ್ಮನ್ನೂ ಯಾಕೆ ಇದ್ರಾಗೆ ಎಳೀಲಿ? ಎಣಿಸ್ದೋಳು ನಾನು, ನಾನೇ ಬರೀತೀನಿ."

ಬರೆದದ್ದು ಮೂರೇ ವಾಕ್ಯ: "ನಾನು ಅಭಿಪ್ರಾಯ ಹೇಳಿಲ್ಲ. ಎಣಿಸಿದ್ದೇನೆ. ಐದರ ತನಕ ಎಣಿಸಲು ಎಸ್ಸೆಸ್ಸೆಲ್ಸಿ ಫೇಲಾದವರಿಗೂ ಬರುತ್ತದೆ."

ಪ್ರಿನ್ಸಿಪಾಲರು ಇತಿಹಾಸದವರು. ಉತ್ತರ ಓದಿ, ಕುತೂಹಲಕ್ಕೆ ಜಾಡಿ ತರಿಸಿದರು. ಅವರು ಎಣಿಸಿದರು, ಮ್ಯಾನೇಜರ್ ಎಣಿಸಿದರು, ಸಹಿ ಹಾಕಿಸಲು ಬಂದಿದ್ದ ಇಬ್ಬರು ಎಣಿಸಿದರು. ಆ ದಿನ ಆಫೀಸಿನಲ್ಲಿ ಬೇರೆ ಕೆಲಸವೇ ನಡೆಯಲಿಲ್ಲ, ಅದನ್ನು ಯಾರೂ ಗಮನಿಸಲೂ ಇಲ್ಲ. ಮೆಮೊ ಫೈಲಿಗೆ ಸೇರಿತು. ಸ್ಟಾಕ್ ಬುಕ್ಕಿನಲ್ಲಿ ಮಾತ್ರ "ನೀರಿಸ್ ಎರಡು" ಹಾಗೇ ಉಳಿದು, ಷರಾ ಕಾಲಮ್ಮಿನಲ್ಲಿ ಗಂಗಾಧರಯ್ಯನವರ ಕೈಬರಹ ಬಂತು: "ಇವುಗಳಲ್ಲಿ ಒಂದು ಯೂನಿಸ್."

ಮುಂದಿನ ವರ್ಷ ರಂಜಿನಿಗೆ ಈ ಕಾಲೇಜು ಸಿಗಲಿಲ್ಲ. ಚನ್ನರಾಯಪಟ್ಟಣದ ಕಡೆಗೇ ಹೋದಳು. ಗಂಗಾಧರಯ್ಯನವರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಶಾಲು ಹೊದ್ದು ಅವರು ಗದ್ಗದಿತರಾಗಿ ಹೇಳಿದರು: "ಮೂವತ್ತು ವರ್ಷದಿಂದ ಯಾರ ಕಣ್ಣಿಗೂ ಬೀಳದಿದ್ದ ಯೂನಿಸ್ ಹುಳವನ್ನು ನಮ್ಮ ವಿಭಾಗ ನನ್ನ ಅವಧಿಯಲ್ಲಿ ಗುರುತಿಸಿತು ಎಂಬುದೇ ನನ್ನ ಸಾರ್ಥಕ್ಯ." ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ನಿಂತಿದ್ದ ಬೈರಮ್ಮನೂ ತಟ್ಟಿದಳು. ಮೊದಲು ಹೊಟ್ಟೆ ಉರಿಯಿತು. ಆಮೇಲೆ ಎಷ್ಟು ನಗು ಬಂತೆಂದರೆ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಬರಬೇಕಾಯಿತು. ನೋಡಿದವರು, ಪಾಪ, ಸಾಹೇಬರು ಹೋಗುತ್ತಾರೆಂದು ಅಳುತ್ತಿದ್ದಾಳೆ ಅಂದುಕೊಂಡರು.

ಲ್ಯಾಬಿಗೆ ಬಂದವಳೇ ರಂಜಿನಿಗೆ ಫೋನ್ ಮಾಡಿ ಭಾಷಣವನ್ನು ಅಕ್ಷರಶಃ ಒಪ್ಪಿಸಿದಳು. ಆಚೆಯಿಂದ ನಗು ನಿಲ್ಲುವ ಹಾಗೆ ಕಾಣಲಿಲ್ಲ.

"ಈಗ ಅಲ್ಲಿ ಎಚ್‌ಓಡಿ ಯಾರು ಬೈರಕ್ಕ?"

"ಹೊಸಬ್ರು ಸೋಮವಾರ ಬತ್ತಾರಂತೆ ಮೇಡಂ. ಇವತ್ತು ಯಾರೂ ಇಲ್ಲ."

ಯಾರೂ ಇಲ್ಲ ಎಂದ ಮೇಲೆ ಅವಳಿಗೇ ಅದು ಹೊಳೆಯಿತು. ಫೋನಿಟ್ಟು, ಹದಿನಾಲ್ಕನೇ ಜಾಡಿಯ ಹಳೇ ಚೀಟಿಯನ್ನು ಒದ್ದೆ ಬಟ್ಟೆಯಿಂದ ಉಜ್ಜಿ ತೆಗೆದಳು. ಬಿಳೀ ಹಾಳೆ ಕತ್ತರಿಸಿ, ಗೆರೆ ಎಳೆದು, ದಪ್ಪ ಅಕ್ಷರದಲ್ಲಿ ಯೂನಿಸ್ ಎಂದು ಬರೆದು ಅಂಟಿಸಿದಳು. ಅಂಟು ಹಿಡಿಯುವ ತನಕ ಹೆಬ್ಬೆರಳಿನಿಂದ ಒತ್ತಿಕೊಂಡು ನಿಂತಿದ್ದು, ಬೀರುವಿಗೆ ಬೀಗ ಹಾಕಿ, ಹೊರಟು ನಿಂತಿದ್ದ ಮಲ್ಲಿಪಟ್ಟಣದ ಬಸ್ಸಿಗೆ ಓಡಿದಳು.