ಒಂದೇ ಬಟ್ಟಲು

ಸ್ವಂತ ದನಿಯಲ್ಲಿ ನಾನು ತೊದಲುತ್ತೇನೆ, ಕಡ ತಂದ ದನಿಯಲ್ಲಿ ಸಲೀಸು. ಹಾಗಾಗಿ ಶಹಾಬಾದಿನಲ್ಲಿ ನನ್ನಿಂದ ಯಾರೂ ಪಾರಾಗಲಿಲ್ಲ. ಸಿಮೆಂಟು ಕಾರ್ಖಾನೆಯಲ್ಲಿ ಕೂಲಿಗಳ ಮೇಲಿದ್ದ ಮುಕದ್ದಮನ ಕೆಮ್ಮು, ನಿಜಾಮರ ಪೊಲೀಸ್ ಅಮೀನರ ಗದರಿಕೆ, ಎಲ್ಲವೂ ನನ್ನ ಗಂಟಲಲ್ಲಿದ್ದವು. ಹೆಸರು ತಂದದ್ದು ಮಾತ್ರ ನಮ್ಮ ಪಾದ್ರಿಯವರ ದನಿ. ಸೇಡಂ ಕಡೆಯವರಾದ ಅವರು ಕನ್ನಡವನ್ನು ತೆಲುಗಿನ ಹಾಗೆ ಎಳೆಯುತ್ತಿದ್ದರು.

“ಹಿಂದಕ ಬಟ್ಟಲು ಗುರುಗಳಿಗಷ್ಟೇ ಇತ್ತೂ. ಜನಕ್ಕ ಬರೀ ರೊಟ್ಟೀ. ನಮ್ಮ ಪ್ರಾಟೆಸ್ಟೆಂಟ್ ಹಿರಿಯರು ಜಗಳಾಡಿ ಬಟ್ಟಲು ಎಲ್ಲಾರ ಕೈಗೆ ತಂದರೂ!”

ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರತಿ ಪ್ರಭುಭೋಜನಕ್ಕೂ ಇದೇ ಮಾತು. ಮನೆಯಲ್ಲಿ ನಾನು ಇದನ್ನು ಒಪ್ಪಿಸಿದರೆ, ಭಂಕೂರಿನ ಕಲ್ಲುಗಣಿಯಿಂದ ಬಂದ ಅಪ್ಪ ಕಾಲು ತೊಳೆಯುವುದನ್ನೂ ಬಿಟ್ಟು ನಗುತ್ತಿದ್ದ. ಆದರೆ ಅವನು ಈ ಚರ್ಚಿಗೆ ಸೇರಿದ್ದೇ ಆ ಮಾತನ್ನು ನಂಬಿ. ವಾಡಿಯ ಚಹಾದಂಗಡಿಯಲ್ಲಿ ನಮ್ಮ ಜಾತಿಯವರ ಕಪ್ಪು ಹೊರಗೆ ಇರುತ್ತಿತ್ತು. ಕುಡಿದು, ನಾವೇ ತೊಳೆದು, ಅಲ್ಲೇ ಬೋರಲು ಹಾಕಬೇಕು. ಚರ್ಚಿನಲ್ಲಿ ಮಾತ್ರ ಒಂದೇ ಬಟ್ಟಲು, ಬಾಯಿಂದ ಬಾಯಿಗೆ.

ಆಮೇಲೆ ರೈಲ್ವೆಯ ದೊಡ್ಡ ಗುಮಾಸ್ತರ ಕುಟುಂಬಗಳು ನಮ್ಮ ಚರ್ಚಿಗೆ ಬರತೊಡಗಿದವು. ಅವರ ಹಿಂದೆಯೇ ಪುಟ್ಟ ಗಾಜಿನ ಲೋಟಗಳ ಪೆಟ್ಟಿಗೆಯೂ ಬಂತು. ಆ ಭಾನುವಾರ ಲೋಟಗಳು ಮುಂದಿನ ಬೆಂಚುಗಳಲ್ಲೇ ಮುಗಿದವು. ಹಿಂದೆ ಕುಳಿತ ನಮಗೆ ಹಳೆಯ ಬಟ್ಟಲು ಬಂತು.

“ಇದೇನ್ರಿ ಅಯ್ಯನೋರೆ?” ಅಪ್ಪ ಕೇಳಿದ.

“ಬೀಮಾರಿ ಹತ್ತತಾವಂತಪ್ಪಾ. ಅವರು ಅಂಜತಾರ.”

“ಇಷ್ಟು ವರ್ಷ ನಾವು ಕುಡಿದು ಬಿಟ್ಟದ್ದು ನೀವೇ ಕುಡದೀರಲ್ರಿ. ನಿಮಗೇನ್ ಹತ್ಯಾದ?”

“ಲೋಟ ಸಾಲಂಗಿಲ್ಲೋ. ಸುಮ್ಕ ಕುಡೀ,” ಎಂದರು ಪಾದ್ರಿ. ಅವರ ಕೈಯಲ್ಲೂ ಪುಟ್ಟ ಲೋಟವಿತ್ತು.

ನಾನು ಎದ್ದು ನಿಂತೆ. ನನ್ನ ದನಿಯಲ್ಲಿ ಹೊರಟಿದ್ದರೆ ‘ಬ ಬ ಬ’ ಅನ್ನುವಷ್ಟರಲ್ಲಿ ಪ್ರಾರ್ಥನೆ ಮುಗಿದು ಜನ ಮನೆ ಸೇರುತ್ತಿದ್ದರು. ಅದಕ್ಕೇ ಪಾದ್ರಿಯವರದೇ ದನಿಯಲ್ಲಿ ಅಂದೆ: “ನಮ್ಮ ಪ್ರಾಟೆಸ್ಟೆಂಟ್ ಹಿರಿಯರು ಜಗಳಾಡಿ ಬಟ್ಟಲು ಎಲ್ಲಾರ ಕೈಗೆ ತಂದರೂ!”

ಅಣಕಿಸಬೇಕೆಂದು ಆಡಿದ ಮಾತಲ್ಲ ಅದು. ಮುಂದಿನ ಬೆಂಚುಗಳು ಘೊಳ್ಳೆಂದು ನಕ್ಕವು. “ಭಾಳ ಛಂದ ಮಾಡ್ತಾನ್ರಿ ಹುಡುಗ,” ಎಂದಳು ಒಬ್ಬ ಹೆಂಗಸು. ಪಾದ್ರಿಯವರೂ ನಕ್ಕರು, ಸದ್ಯ ಬದುಕಿದೆ ಎನ್ನುವ ಹಾಗೆ.

ಅಪ್ಪ ನಗಲಿಲ್ಲ. ಬಟ್ಟಲಲ್ಲಿದ್ದುದನ್ನು ಪೂರ್ತಿ ಕುಡಿದ. ಅದನ್ನು ಹೊರಗೆ ಒಯ್ದು ಅಂಗಳದ ಹೌದಿನಿಂದ ನೀರು ಮೊಗೆದು ತಾನೇ ತೊಳೆದ. ಒಳಗೆ ತರಲಿಲ್ಲ. ಚರ್ಚಿಗೆಂದು ತಾನೇ ಗಣಿಯಿಂದ ಎಬ್ಬಿಸಿ ತಂದಿದ್ದ ಮೆಟ್ಟಿಲುಗಲ್ಲಿನ ಮೇಲೆ ಬೋರಲು ಹಾಕಿ, ಮನೆಯ ಕಡೆ ನಡೆದ.