ಕರಿ ಎರಡರ ಕೆಂಪು ಚುಕ್ಕೆ

ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಗಿಟಾರಿನ ನಾದ ಬದಲಿಸುವ ಮಲ್ಟಿ ಇಫೆಕ್ಟ್ ಪೆಡಲ್ ಕೊಂಡ ಮೇಲಂತೂ ಕೈಯಲ್ಲಿದ್ದ ಚಡಪಡಿಕೆ ಕಾಲಿಗೂ ಇಳಿಯಿತು. ಮೀನು ಕೊಯ್ಯುವ ಮಣೆಯಷ್ಟು ಉದ್ದದ ಡಿಜಿಟಲ್ ಪೆಟ್ಟಿಗೆ ಅದು. ನೆಲದ ಮೇಲಿಟ್ಟು ಕಾಲಲ್ಲಿ ಒತ್ತಬೇಕು. ಒಂದು ಗುಂಡಿ ಒತ್ತಿದರೆ ಗಿಟಾರು ಬಾವಿಯೊಳಗಿಂದ ನುಡಿದಂತೆ ಕೇಳುತ್ತದೆ, ಇನ್ನೊಂದಕ್ಕೆ ಗುಡುಗುತ್ತದೆ, ಮತ್ತೊಂದಕ್ಕೆ ಹಾರ್ಮೋನಿಯಂ ಹಾಗೆ ಎಳೆಯುತ್ತದೆ. ವಾರವಿಡೀ ಕಾರವಾರದ ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸಿ, ಶನಿವಾರ ಬಸ್ಸು ಹತ್ತಿ ಬೆಳಂಬಾರದ ಮನೆಗೆ ಬಂದರೆ, ನೀರು ಕುಡಿಯುವ ಮೊದಲೇ ಪ್ಲಗ್ ಹುಡುಕುತ್ತಿದ್ದೆ. ಹೋದ ವಾರ ಚೆಂದ ಅನಿಸಿದ ನಾದ ಈ ವಾರ ಸಪ್ಪೆಯಾಗಿರುತ್ತಿತ್ತು. ಅದನ್ನು ಅಳಿಸಿ ಹೊಸದು ಕಟ್ಟುವುದು, ಕಟ್ಟಿದ್ದನ್ನು ಮತ್ತೆ ಕೆಡಿಸುವುದು, ಇದೇ ನನ್ನ ಕೆಲಸ.

"ಕಾಲು ಆ ಪೆಟ್ಟಿಗಿ ಮೇಲೆ, ಕೈ ಆ ತಂತಿ ಮೇಲೆ," ಅಂತ ಅವ್ವ ಅಡುಗೆಮನೆಯಿಂದ ಹೇಳುತ್ತಿದ್ದಳು. "ಬಂಗ್ಡೆ ಕೊಯ್ಯೂಕೆ ನಿಂಗೆ ಎಂತಾ ಉಳೀತೇ?"

ಅಪ್ಪ ಮಾತ್ರ ಏನೂ ಹೇಳುತ್ತಿರಲಿಲ್ಲ. ಮೊದಲು ದೋಣಿಗೆ ಹೋಗುತ್ತಿದ್ದವನು, ಈಗ ಜಗುಲಿಯಲ್ಲಿ ಕೂತು ಹರಿದ ಬಲೆ ಸರಿಮಾಡುತ್ತಾನೆ. ನಮ್ಮ ಕೇರಿಯ ಭಜನೆಯಲ್ಲಿ ಮೊದಲ ಹಾಡು ಯಾವಾಗಲೂ ಅವನದು. ಅವನ ಶ್ರುತಿ ಕರಿ ಎರಡು, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಕೀ. ನಮ್ಮ ಕಡೆ ಹಾಡುವವರನ್ನು ಹೀಗೆಯೇ ಗುರುತಿಸುತ್ತಾರೆ: ಇವನು ಬಿಳಿ ಒಂದರವನು, ಅವನು ಕರಿ ಎರಡರವನು. ಎತ್ತರದ ಶ್ರುತಿಯವನಿಗೆ ಎದೆ ಸ್ವಲ್ಪ ಮುಂದೆ. ನಾನು ಗಿಟಾರು ತಂದ ಹೊಸತರಲ್ಲಿ ಅಪ್ಪ ತಂತಿಗಳನ್ನು ಮೀಟಿ ಮೀಟಿ ತನ್ನ ಷಡ್ಜ ಎಲ್ಲಿದೆಯೆಂದು ಹುಡುಕಿ, ಅಲ್ಲಿ ಅವ್ವನ ನೇಲ್ ಪಾಲಿಶಿನಿಂದ ಕೆಂಪು ಚುಕ್ಕೆ ಇಟ್ಟಿದ್ದ.

ಹೋದ ವರ್ಷದ ಭಜನೆಯಲ್ಲಿ ಮೇಲಿನ ಸ್ವರಕ್ಕೆ ಹೋದಾಗ ಅಪ್ಪನ ದನಿ ಒಡೆಯಿತು. ಯಾರೂ ನಗಲಿಲ್ಲ, ಪಕ್ಕದವರು ಎತ್ತಿಕೊಂಡು ಹಾಡಿ ಮುಗಿಸಿದರು. ಮನೆಗೆ ಬಂದು ಅಪ್ಪ ಅಂದ, "ಬಪ್ಪು ವರ್ಷವೂ ಹೀಗಾದ್ರೆ ನಾ ತಾಳ ಹಿಡ್ಕಂಡು ಕೂತೆ. ಹಾಡೂದು ಸಾಕು."

ಅವನು ಹಾಡದ ಮನೆ ನನಗೆ ಊಹಿಸಲೂ ಆಗಲಿಲ್ಲ. ಶ್ರುತಿ ಸ್ವಲ್ಪ ಇಳಿಸೋಣವಾ ಅಂತ ಒಮ್ಮೆ ಕೇಳಿದೆ. ಬಲೆಯ ಸೂಜಿ ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಬೀಚಿನ ಕಡೆ ನಡೆದುಬಿಟ್ಟ. ಮತ್ತೆ ಕೇಳುವ ಧೈರ್ಯ ಬರಲಿಲ್ಲ.

ಈ ವರ್ಷ ಮಳೆಗಾಲದ ಉಪ್ಪುಗಾಳಿಗೆ ಭಜನೆಯ ಹಾರ್ಮೋನಿಯಂ ಕೆಟ್ಟು ರಿಪೇರಿಗೆ ಬೆಳಗಾವಿಗೆ ಹೋಯಿತು. ದೋಣಿ ನೀರಿಗಿಳಿಸುವ ಮೊದಲಿನ ಸತ್ಯನಾರಾಯಣ ಪೂಜೆಗೆ ಅದು ವಾಪಸು ಬರುವುದಿಲ್ಲ ಎಂದಾಯಿತು. ಶ್ರುತಿ ಹಿಡಿಯುವ ಕೆಲಸ ನನ್ನ ಗಿಟಾರಿಗೆ ಬಿತ್ತು. ಆಗ ನನಗೆ ಹೊಳೆದದ್ದು ಪೆಡಲಿನೊಳಗಿನ ಒಂದು ಸೌಕರ್ಯ: ತಂತಿ ನುಡಿದ ಸ್ವರವನ್ನೇ ಅದು ಇಳಿಸಿ ಹೊರಗೆ ಬಿಡುತ್ತದೆ. ಬೆರಳು ಕೆಂಪು ಚುಕ್ಕೆಯ ಮೇಲೆಯೇ ಇರುತ್ತದೆ, ಸ್ಪೀಕರಿನಿಂದ ಬರುವುದು ಎರಡು ಮೆಟ್ಟು ಕೆಳಗಿನ ಕರಿ ಒಂದು. ಅಪ್ಪ ನೋಡಿದರೆ ಎಲ್ಲ ಮೊದಲಿನಂತೆಯೇ. ಇವತ್ತು ಗಂಟಲು ಚೆನ್ನಾಗಿ ಬಿಟ್ಟಿದೆ ಅಂದುಕೊಂಡು ಹಾಡಿಬಿಡುತ್ತಾನೆ.

ಕಾರವಾರದ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಆ ನಾದ ಕಟ್ಟಿದೆ. ಹಾರ್ಮೋನಿಯಂನ ಎಳೆತ ಇರಬೇಕು, ಆದರೆ ಚರ್ಚಿನ ಆರ್ಗನ್ನಿನಂತೆ ಕೇಳಬಾರದು. ಪ್ರತಿಧ್ವನಿ ಕಡಿಮೆ ಮಾಡಿದೆ, ಒಣಗಿತು. ಹೆಚ್ಚಿಸಿದೆ, ರಾಡಿಯಾಯಿತು. ಊಟಕ್ಕೆ ಎದ್ದವಳು ಕೈ ತೊಳೆಯದೆ ವಾಪಸು ಬಂದು ಕೂರುತ್ತಿದ್ದೆ. ಬಸ್ಸಿನಲ್ಲಿ ಅವರ್ಸಾ ದಾಟುವಾಗಲೂ ಕಾಲು ಅಲ್ಲಿಲ್ಲದ ಗುಂಡಿಯನ್ನು ಒತ್ತುತ್ತಿತ್ತು. ಪಕ್ಕದ ಹೆಂಗಸು ಬುಟ್ಟಿಯನ್ನು ಅತ್ತ ಸರಿಸಿಕೊಂಡಳು.

ಪೂಜೆಯ ಸಂಜೆ ದೋಣಿಯ ಪಕ್ಕದ ಮರಳಿನ ಮೇಲೆ ಚಾಪೆ ಹಾಸಿದ್ದರು. ಸ್ಪೀಕರು ಚಾಪೆಯ ಆ ತುದಿಯಲ್ಲಿತ್ತು. ಅಪ್ಪ ಬಂದವನೇ ನನ್ನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ. ನಮ್ಮ ಭಜನೆಯಲ್ಲಿ ಹಾಡುವವನು ಹಾರ್ಮೋನಿಯಂಗೆ ಒತ್ತಿಕೊಂಡೇ ಕೂರುವುದು. ಚುಕ್ಕೆ ನೋಡಿದ.

"ಸುರ ಕೊಡೇ ತಂಗಿ," ಅಂದ. ಮಗಳನ್ನು ಅವನು ಕರೆಯುವುದೇ ಹಾಗೆ.

ಕೊಟ್ಟೆ. ಢೋಲಕಿ, ತಾಳ ಇನ್ನೂ ಶುರುವಾಗಿರಲಿಲ್ಲ. ಆಗ ನನ್ನ ಕಿವಿಗೂ ಬಿತ್ತು. ಎಲೆಕ್ಟ್ರಿಕ್ ಗಿಟಾರಿನ ತಂತಿ ಸ್ಪೀಕರು ಇಲ್ಲದೆಯೂ ಸಣ್ಣಗೆ ನುಡಿಯುತ್ತದೆ. ಮದುವೆ ಸ್ಟೇಜಿನ ಗದ್ದಲದಲ್ಲಿ ಅದು ಕೇಳುವುದಿಲ್ಲ, ಹೆಡ್‌ಫೋನಿನೊಳಗೂ ಕೇಳಿರಲಿಲ್ಲ. ಇಲ್ಲಿ, ಮೊಣಕಾಲು ತಾಗುವಷ್ಟು ಹತ್ತಿರದಲ್ಲಿ, ತಂತಿ ಕರಿ ಎರಡು ಅನ್ನುತ್ತಿತ್ತು, ಆ ತುದಿಯ ಸ್ಪೀಕರು ಕರಿ ಒಂದು ಅನ್ನುತ್ತಿತ್ತು. ನನ್ನ ಮೋಸ ಅಪ್ಪನ ಕಿವಿಯ ಬುಡದಲ್ಲೇ ಗುಂಯ್‌ಗುಡುತ್ತಿತ್ತು.

ಅಪ್ಪ ಬಾಯಿ ತೆರೆದವನು ಮುಚ್ಚಿದ. ನನ್ನ ಬೆರಳು ನೋಡಿದ, ಪೆಡಲು ನೋಡಿದ. ಎಲ್ಲರೂ ಕಾಯುತ್ತಿದ್ದರು. ನನಗೆ ಪೆಡಲನ್ನು ಸಮುದ್ರಕ್ಕೆ ಎಸೆದು ಓಡಿಹೋಗಬೇಕೆನಿಸಿತು. ನೆಟ್ಟಗೆ ಮಾಡಿಬಿಡೋಣವೆಂದು ಕಾಲು ಗುಂಡಿಯ ಕಡೆ ಹೋಯಿತು.

"ಬಿಡು, ತುಳೀಬೇಡ," ಅಂದ ಅಪ್ಪ, ನನಗಷ್ಟೇ ಕೇಳುವಂತೆ. ಮರಳಿಗೆ ಕೈಯೂರಿ ಎದ್ದ. ಹೋಗಿ ಸ್ಪೀಕರಿನ ಪಕ್ಕ ಕೂತ, ನನ್ನಿಂದ ದೂರ, ತಂತಿ ಕೇಳದ ಜಾಗದಲ್ಲಿ. ಅಲ್ಲಿಂದಲೇ ಹಾಡು ಎತ್ತಿದ. ಮೇಲಿನ ಸ್ವರ ಬಂತು. ನಡುಗಿತು, ಆದರೆ ಒಡೆಯಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ನಾನು ಪೆಡಲ್ ಬಿಚ್ಚಿಕೊಂಡು ಕೂತು, ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಅಪ್ಪ ಅವ್ವನ ನೇಲ್ ಪಾಲಿಶ್ ಹಿಡಿದು ಬಂದ. ಗಿಟಾರನ್ನು ನನ್ನ ತೊಡೆಯ ಮೇಲೇ ಅಡ್ಡ ಮಲಗಿಸಿ, ಹಳೆಯ ಚುಕ್ಕೆಯಿಂದ ಹಿಂದಕ್ಕೆ ಒಂದೊಂದೇ ಮೆಟ್ಟು ಬೆರಳಿಟ್ಟು ಮೀಟಿದ. ಎರಡನೆಯದನ್ನು ದಾಟಿ ಮೂರನೆಯದರಲ್ಲಿ ನಿಂತ.

"ನಿನ್ನ ಪೆಟ್ಟಿಗಿ ಎರಡು ಇಳ್ಸಿತ್ತು," ಅಂದ. "ನಂಗೆ ಮೂರು ಬೇಕು. ನಿನ್ನತ್ರ ಕೇಳೂಕೆ ನಾಚ್ಕೆ ಆಗಿತ್ತು."

ಚುಕ್ಕೆ ಇಟ್ಟ. ಅದು ಸ್ವಲ್ಪ ಹರಡಿತು.

"ಒಣಗೂವರೆಗೆ ಮುಟ್ಟಬೇಡ."

ನಾನು ಕೈ ಕಟ್ಟಿಕೊಂಡು, ಕಾಲು ಮಡಚಿಕೊಂಡು, ಅಲ್ಲಾಡದೆ ಕೂತೆ.