ದೇವದಾಸಣ್ಣನ ಕೊನೆಯ ಸಾಲು

ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಹೋಗುವ ನಮ್ಮ ಬೆಳಗಿನ ಬಸ್ಸು ದಿನಾ ಒಂದು ಸಾಲಿನಷ್ಟು ತಡವಾಗಿ ಹೊರಡುತ್ತಿತ್ತು. ಆ ಸಾಲು ಡ್ರೈವರ್ ದೇವದಾಸಣ್ಣನದು. ಅವರು ಪ್ರೊಟೆಸ್ಟೆಂಟ್, ಕಂಡಕ್ಟರನಾದ ನಾನು ಕೆಥೊಲಿಕ. ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಅವರು ಯೇಸು ಕಲಿಸಿದ ಪ್ರಾರ್ಥನೆಯನ್ನು ಕನ್ನಡದಲ್ಲಿ ಹೇಳುವಾಗ, ಬಾಗಿಲಲ್ಲಿ ನಿಂತ ನಾನು ಅದನ್ನೇ ಕೊಂಕಣಿಯಲ್ಲಿ ಹೇಳುತ್ತಿದ್ದೆ. ಕೇಡಿನಿಂದ ಬಿಡಿಸೆಂದು ಕೇಳುವಲ್ಲಿಗೆ ನಮ್ಮದು ಮುಗಿಯುತ್ತದೆ. ಅವರಿಗೆ ಆಮೇಲೆ ದೇವರ ಮಹಿಮೆ ಹೇಳುವ ಇನ್ನೊಂದು ಸಾಲು ಇತ್ತು. ನಾನು ವಿಸಿಲ್ ಬಾಯಲ್ಲಿಟ್ಟುಕೊಂಡು ಕಾಯಬೇಕು.

"ಆಯ್ತಾ ದೇವದಾಸಣ್ಣ?"

"ನಿನಗೆ ಸ್ವರ್ಗಕ್ಕೆ ಹೋಗಲಿಕ್ಕೆ ಪುರುಸೊತ್ತಿಲ್ಲ ಪೊರ್ಬು, ಬಂಟ್ವಾಳಕ್ಕೆ ಮಾತ್ರ ಅರ್ಜೆಂಟ್" ಎಂದು ಗೇರು ಹಾಕುತ್ತಿದ್ದರು. ಕೆಥೊಲಿಕರನ್ನು ನಮ್ಮೂರಲ್ಲಿ ಕರೆಯುವುದೇ ಪೊರ್ಬುಗಳೆಂದು.

ಅವರಿಗೆ ಕೊಟ್ಟ ಒಂದು ಮಾತನ್ನು ನಾನು ಕಳೆದ ನವೆಂಬರಿನಲ್ಲಿ ಮುರಿದೆ. ಅದನ್ನು ಹೇಳಬೇಕಾದರೆ ಅವರು ಎಂಥವರೆಂದು ಮೊದಲು ಹೇಳಬೇಕು.

ಉದ್ದಕ್ಕೆ, ತೆಳ್ಳಗೆ ಇದ್ದರು. ಬಸ್ಸಿನ ಮುಂದಿನ ಗಾಜಿನ ಬಳಿಯ ಡಬ್ಬಿಯಲ್ಲಿ ಓಲೆಬೆಲ್ಲದ ಚೂರುಗಳಿರುತ್ತಿದ್ದವು. ಯಾರಾದರೂ ಅಡ್ಡ ನುಗ್ಗಿ ಬೈಗುಳ ಬಾಯಿಗೆ ಬಂದರೆ ಅವರು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಇಕ್ಕಟ್ಟಿನ ತಿರುವುಗಳ ಪುಂಜಾಲಕಟ್ಟೆ ಕಡೆಯ ಟ್ರಿಪ್ಪು ಸಿಕ್ಕಿದ ದಿನ ಡಬ್ಬಿ ಬೇಗ ಖಾಲಿ.

ಶನಿವಾರ ಸಂಜೆ ನಾನು ಪಾಪನಿವೇದನೆಗೆ ಇಗರ್ಜಿಗೆ, ಅಂದರೆ ನಮ್ಮ ಚರ್ಚಿಗೆ, ಹೋಗುವುದೆಂದರೆ ಅವರಿಗೆ ಬಹಳ ಕುತೂಹಲ.

"ದೇವರಿಗೆ ನೇರ ಹೇಳಿದರೆ ಕೇಳುವುದಿಲ್ಲವಾ? ನಡುವೆ ಪಾದ್ರಿ ಯಾಕೆ?"

"ನೇರ ಹೇಳುವಾಗ ನಾನು ನನಗೆ ಬೇಕಾದ ಹಾಗೆ ಹೇಳಿಕೊಳ್ತೇನೆ. ಇನ್ನೊಬ್ಬನ ಕಿವಿಗೆ ಹೇಳುವಾಗ ನಾಚಿಕೆ ಆಗ್ತದೆ. ಆ ನಾಚಿಕೆ ಬೇಕು."

ಅವರು ಸಿದ್ಧಕಟ್ಟೆಯಲ್ಲಿ ಬಸ್ಸು ನಿಲ್ಲಿಸಿದರು. ನನ್ನ ಕಡೆ ತಿರುಗಿ, "ಅದು ಒಳ್ಳೆಯದುಂಟು" ಎಂದರು. "ಆದರೆ ಕ್ಷಮೆ ಯೇಸು ಆಗಲೇ ಕೊಟ್ಟಾಗಿದೆ. ಟಿಕೆಟ್ ತೆಗೆದವನೇ ಅವನು. ನಂಬಿ ಕೂತುಕೊಳ್ಳುವುದು ನಮ್ಮ ಕೆಲಸ."

"ಟಿಕೆಟ್ ಅವನೇ ತೆಗೆದದ್ದು, ಅದರಲ್ಲಿ ನಮಗೂ ಜಗಳ ಇಲ್ಲ. ಮಧ್ಯದಲ್ಲಿ ಇಳಿದು ಹೋಗುವವರು ಇಲ್ಲವಾ? ಅವರು ವಾಪಸ್ ಹತ್ತಬೇಡವಾ?"

"ಇಳಿದವನನ್ನು ಬಿಟ್ಟು ಹೋಗಲಿಕ್ಕೆ ಅವನೇನು ನಮ್ಮನ್ನು ಹಿಂದೆ ಹಾಕಲಿಕ್ಕೆ ಓಡುವ ಹಿಂದಿನ ಬಸ್ಸಿನ ಡ್ರೈವರಾ?"

ಹಿಂದಿನ ಸೀಟಿನಲ್ಲಿದ್ದ ಮೀನಿನ ಹೆಂಗಸು, "ನೀವಿಬ್ಬರೂ ಸ್ವರ್ಗಕ್ಕೆ ಹೋಗಿ, ನನ್ನನ್ನು ಮಾತ್ರ ಮಾರ್ಕೆಟಿನಲ್ಲಿ ಇಳಿಸಿ ಮಾರಾಯ್ರೆ" ಎಂದಳು.

ಒಂದು ಮಳೆಗಾಲ, ತಿರುವಿನಲ್ಲಿ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಜಾರಿ ನಮ್ಮ ಬಸ್ಸಿಗೆ ತಾಗಿ ಕಾಲು ಮುರಿದುಕೊಂಡಳು. ಡ್ರೈವರನ ತಪ್ಪಿಲ್ಲವೆಂದು ಅವಳೇ ಹೇಳಿದಳು. ಆದರೂ ಅವಳು ಎದ್ದು ನಡೆಯುವವರೆಗೆ ಪ್ರತಿ ಆದಿತ್ಯವಾರ ಆರಾಧನೆ ಮುಗಿಸಿ ದೇವದಾಸಣ್ಣ ಅವಳ ಮನೆಗೆ ಹೋಗಿ, ದನಕ್ಕೆ ಹುಲ್ಲು ಹೆರೆದು ಕೊಟ್ಟು ಬರುತ್ತಿದ್ದರು.

ನನಗೆ ಒಳ್ಳೆಯ ಸಂದರ್ಭ ಸಿಕ್ಕಿತು. "ಪುಣ್ಯಕಾರ್ಯದಿಂದ ರಕ್ಷಣೆ ಇಲ್ಲ ಅಂತೀರಿ. ಮತ್ತೆ ಇದು ಯಾಕೆ?"

"ರಕ್ಷಣೆ ಸಿಗಲಿ ಅಂತ ಹೋಗುವುದಲ್ಲ ಮಾರಾಯ. ಸಿಕ್ಕಿದ ಮೇಲೆ ಸುಮ್ಮನೆ ಕೂತುಕೊಳ್ಳಲಿಕ್ಕೆ ಆಗುವುದಿಲ್ಲ."

ನಮ್ಮ ಫಾದರ್ ಹೇಳುವುದೂ ಹೆಚ್ಚುಕಡಿಮೆ ಹೀಗೇ. ಹಾಗಾದರೆ ವ್ಯತ್ಯಾಸ ಎಲ್ಲಿ? ನಿವೃತ್ತಿಯಾದ ಮೇಲೂ ನಾನು ಇದನ್ನೇ ಯೋಚಿಸುತ್ತಿದ್ದೆ. ಅದು ನನಗೆ ಸ್ಪಷ್ಟವಾಗಿ ಕಂಡದ್ದು ಅವರ ಮಂಚದ ಪಕ್ಕದಲ್ಲಿ.

ಹೃದಯದ ಕಾಯಿಲೆಯಿಂದ ಮಲಗಿದ್ದರು. ಕೈಗೆ ಓಲೆಬೆಲ್ಲದ ಪೊಟ್ಟಣ ಕೊಟ್ಟೆ. "ಈಗ ಬೈಯಲಿಕ್ಕೆ ಯಾರೂ ಇಲ್ಲ" ಎಂದು ನಕ್ಕರು. ಆಮೇಲೆ, "ಒಂದು ಮಾತು ಕೊಡು ಪೊರ್ಬು. ನಾನು ಹೋದ ಮೇಲೆ ನನ್ನ ಆತ್ಮಕ್ಕೆ ಅಂತ ನಿಮ್ಮ ಇಗರ್ಜಿಯಲ್ಲಿ ಪೂಜೆ ಕೊಡಿಸಬೇಡ" ಎಂದರು.

"ಪ್ರಾರ್ಥನೆಯಿಂದ ನಷ್ಟ ಏನು ದೇವದಾಸಣ್ಣ? ಮದುವೆ ಮನೆಗೆ ಬಂದವನಿಗೂ ಧೂಳಿನ ಕಾಲು ತೊಳೆಯಲಿಕ್ಕೆ ಒಂದು ಜಾಗ ಬೇಕಲ್ಲ. ಸತ್ತವರು ಸ್ವರ್ಗಕ್ಕೆ ಹೋಗುವ ಮೊದಲು ನಿಲ್ಲುವ ಶುದ್ಧೀಕರಣ ಸ್ಥಳ ಅಂತ ನಾವು ಹೇಳುವುದು ಅದನ್ನೇ, ನಮ್ಮ ಪ್ರಾರ್ಥನೆ ಅವರಿಗೆ ಅಲ್ಲಿ ಸಹಾಯ."

"ಕಾಲು ತೊಳೆಯುವ ಯೇಸು ಬಾಗಿಲಲ್ಲೇ ನಿಂತಿದ್ದಾನೆ. ನಾನು ಅಷ್ಟನ್ನೇ ನಂಬಿದ್ದು. ನೀನು ಪೂಜೆ ಕೊಡಿಸಿದರೆ ನನ್ನ ನಂಬಿಕೆ ಸಾಲಲಿಲ್ಲ ಅಂತ ಆಗ್ತದೆ."

ನಾನು ಮಾತು ಕೊಟ್ಟೆ. ಆ ವಾರವೇ ಅವರು ಹೋದರು.

ನವೆಂಬರಿನಲ್ಲಿ ನಾವು ಸತ್ತವರಿಗಾಗಿ ಪ್ರಾರ್ಥಿಸುತ್ತೇವೆ, ಸಮಾಧಿಗಳಿಗೆ ಮೇಣದಬತ್ತಿ ಹಚ್ಚುತ್ತೇವೆ. ಅಪ್ಪ, ಅಮ್ಮ, ಹೆಂಡತಿಯ ಹೆಸರಿನಲ್ಲಿ ಪೂಜೆಗೆ ಹೇಳಲು ಹೋದವನು ದೇವದಾಸಣ್ಣನ ಹೆಸರನ್ನೂ ಹೇಳಿಬಿಟ್ಟೆ. ಅವರೊಬ್ಬರನ್ನೇ ಹೊರಗೆ ನಿಲ್ಲಿಸಲು ಮನಸ್ಸು ಬರಲಿಲ್ಲ. ಪೀಠದಿಂದ ಆ ಹೆಸರು ಓದಿದಾಗ ಮಾತ್ರ ತಲೆ ಎತ್ತಲಾಗಲಿಲ್ಲ. ಪ್ರೀತಿಯಿಂದ ಮಾಡಿದೆನೋ, ಅವರ ನಂಬಿಕೆಯನ್ನು ನಂಬದೆ ಮಾಡಿದೆನೋ?

ಶನಿವಾರ ಫಾದರ್‌ಗೆ ಎಲ್ಲ ಹೇಳಿದೆ. "ಮಾತು ಮುರಿದದ್ದು ತಪ್ಪು. ಪ್ರಾರ್ಥಿಸಿದ್ದು ತಪ್ಪಲ್ಲ. ಅವರ ರಕ್ಷಣೆ ದೇವರ ಕೈಯಲ್ಲಿ ಉಂಟು, ನಿಮ್ಮ ಪೂಜೆಯ ಮೇಲೆ ನಿಂತಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯನ್ನು ಒಂದು ಸಲ ಹೇಳಿ" ಎಂದು ಪ್ರಾಯಶ್ಚಿತ್ತ ಕೊಟ್ಟರು.

ಹಿಂದಿನ ಬೆಂಚಿನಲ್ಲಿ ಮೊಣಕಾಲೂರಿ ಕೊಂಕಣಿಯಲ್ಲಿ ಹೇಳಿದೆ. ನಮ್ಮದು ಮುಗಿಯುವಲ್ಲಿಗೆ ಮುಗಿಯಿತು. ಆದರೆ ಏಳಲಿಲ್ಲ. ಅವರ ಸಾಲು ಮುಗಿಯುವಷ್ಟು ಹೊತ್ತು, ಮೊದಲಿನ ಹಾಗೆಯೇ ಕಾದೆ.